ಒಂಬತ್ತು ವೋಲ್ಟಿನ ಹಾದಿ: ಕೇಂಬ್ರಿಡ್ಜ್‌ನಿಂದ ಡಂಡಿಯವರೆಗೆ ಆರು ದಿನ

ಮೊದಲ ದಿನ, ಶುಕ್ರವಾರ: ಕೇಂಬ್ರಿಡ್ಜ್

ಕಿಂಗ್ಸ್ ಪೆರೇಡ್ ಬೀದಿಗೆ ಬಂದವರೆಲ್ಲ ಕಿಂಗ್ಸ್ ಕಾಲೇಜಿನ ಚಾಪೆಲ್ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಬ್ರಿಟನ್ನಿನ ಹಳೆ ಮನೆ ಕಂಪ್ಯೂಟರುಗಳ ಜಾಡು ಹಿಡಿದು ಬಂದ ನಾವು ಮೂವರು ಚಾಪೆಲ್‌ಗೆ ಬೆನ್ನು ಹಾಕಿ, ಎದುರು ಸಾಲಿನ 6ನೇ ನಂಬರಿನ ಕಟ್ಟಡ ನೋಡುತ್ತ ನಿಂತಿದ್ದೆವು. ಅಕ್ಟೋಬರಿನ ಜಿಟಿಜಿಟಿ ಮಳೆ. ಪಕ್ಕದಲ್ಲೇ ಸೈಕಲ್ಲುಗಳು ಗಂಟೆ ಬಾರಿಸುತ್ತ ಹೋಗುತ್ತಿದ್ದವು. 1978ರಲ್ಲಿ ಈ ಕಟ್ಟಡದಲ್ಲಿ ಸಯನ್ಸ್ ಆಫ್ ಕೇಂಬ್ರಿಡ್ಜ್ ಎಂಬ ಪುಟ್ಟ ಕಂಪನಿ ಇತ್ತು, ಅಗ್ಗದ ಎಲೆಕ್ಟ್ರಾನಿಕ್ ಸಾಧನ ಮಾಡುತ್ತಿದ್ದ ಉದ್ಯಮಿ ಕ್ಲೈವ್ ಸಿಂಕ್ಲೇರ್ ಅವರದು. ಅಲ್ಲಿಂದ ಅಂಚೆಯಲ್ಲಿ ಹವ್ಯಾಸಿಗಳ ಮನೆಗೆ ಹೋದದ್ದು ಎಂಕೆ14 ಎಂಬ ಕಿಟ್. ಬೆಲೆ 39 ಪೌಂಡ್ 95 ಪೆನ್ಸ್, ಮೆಮೊರಿ 256 ಬೈಟ್, ಕ್ಯಾಲ್ಕುಲೇಟರಿನಂಥ ಗುಂಡಿಗಳು, ಅಂಕಿ ತೋರಿಸಲು ಒಂದು ಸಾಲು ಕೆಂಪು ಬೆಳಕು. ಟಿವಿ ಇಲ್ಲ, ಪ್ರೋಗ್ರಾಂ ಬರೆಯುವ ಬೇಸಿಕ್ ಭಾಷೆಯೂ ಇಲ್ಲ. ಕೊಂಡವರು ತಾವೇ ಸೋಲ್ಡರ್ ಮಾಡಿಕೊಂಡು, ಹದಿನಾರರ ಲೆಕ್ಕದಲ್ಲಿ ಅಂಕಿ ಒತ್ತಿ ಕೆಲಸ ಮಾಡಿಸಬೇಕಿತ್ತು.

ಆ ಕಿಟ್ ಹೊರಬರಲು ದುಡಿದವರಲ್ಲಿ ಮುಖ್ಯರು ಕ್ರಿಸ್ ಕರ್ರಿ, ಸಿಂಕ್ಲೇರ್ ಜೊತೆ 1966ರಿಂದ ಇದ್ದವರು. ಕಿಟ್ ಚೆನ್ನಾಗಿ ಮಾರಾಟವಾಗುತ್ತಿದ್ದಂತೆ ಕಂಪ್ಯೂಟರುಗಳ ಕಡೆಗೇ ಪೂರ್ತಿ ತಿರುಗಬೇಕೆಂಬ ಆಸೆ ಕರ್ರಿಯವರಿಗೆ ಬಂತು. ಅದೇ ವರ್ಷದ ಕೊನೆಗೆ ಅವರು ಹರ್ಮನ್ ಹೌಸರ್ ಜೊತೆ ಸೇರಿ ಕಟ್ಟಿದ ಕಂಪನಿಯೇ ಮುಂದೆ ಏಕಾರ್ನ್ ಆಯಿತು. ಅದರ ಮೊದಲ ಕಚೇರಿ ಇದ್ದ ಮಾರ್ಕೆಟ್ ಹಿಲ್ 4ಎ ಇಲ್ಲಿಂದ ಎರಡು ನಿಮಿಷದ ನಡಿಗೆ. ಹೆಸರಿನಲ್ಲಿ ಗುಡ್ಡ ಇದ್ದರೂ ಅದು ಸಮತಟ್ಟಾದ ಸಂತೆ ಚೌಕ. ಪಟ್ಟೆ ಬಟ್ಟೆಯ ಚಪ್ಪರಗಳ ಕೆಳಗೆ ತರಕಾರಿ, ಚೀಸ್, ಹಳೆ ಪುಸ್ತಕ ಮಾರುತ್ತಾರೆ. ಒಂದು ದೇಶದ ಮನೆಮನೆಗೆ ಕಂಪ್ಯೂಟರ್ ತಂದ ಇಬ್ಬರು ಎದುರಾಳಿಗಳ ನಡುವಿನ ದೂರ ಒಂದು ಬಿಸಿ ಕಾಫಿ ಆರುವಷ್ಟೂ ಇಲ್ಲ.

ಅಲ್ಲಿಂದ ಬ್ರಿಡ್ಜ್ ಸ್ಟ್ರೀಟ್‌ನ ಬ್ಯಾರನ್ ಆಫ್ ಬೀಫ್ ಪಬ್‌ಗೆ ಐದು ನಿಮಿಷ. 1984ರ ಡಿಸೆಂಬರಿನಲ್ಲಿ ಸಿಂಕ್ಲೇರ್ ಸಿಟ್ಟಿನಿಂದ ಕರ್ರಿಯವರನ್ನು ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆದದ್ದು ಇಲ್ಲೇ. ಸಿಂಕ್ಲೇರ್ ಯಂತ್ರಗಳು ಕೆಟ್ಟು ವಾಪಸ್ ಬರುವುದು ಹೆಚ್ಚು ಎಂಬರ್ಥದ ಜಾಹೀರಾತನ್ನು ಏಕಾರ್ನ್ ಕೊಟ್ಟಿತ್ತು, ಜಗಳ ಅದರಿಂದ. ಈ ಕಥೆಯನ್ನು ಎಲ್ಲರೂ ನಗುತ್ತ ಹೇಳುತ್ತಾರೆ, ನನಗೆ ಮಾತ್ರ ಅದರಲ್ಲಿ ನೋವೇ ಕಾಣುತ್ತದೆ. ಆ ಚಳಿಗಾಲದಲ್ಲಿ ಇಬ್ಬರ ಗೋದಾಮುಗಳಲ್ಲೂ ಮಾಲು ಮಾರಾಟವಾಗದೆ ಬಿದ್ದಿತ್ತು. ಮುಂದಿನ ಫೆಬ್ರವರಿಯಲ್ಲಿ ಏಕಾರ್ನ್‌ನ 49.3 ಶೇಕಡಾ ಪಾಲು ಇಟಲಿಯ ಒಲಿವೆಟ್ಟಿಗೆ ಹೋಯಿತು. 1986ರ ಏಪ್ರಿಲ್‌ನಲ್ಲಿ ಸಿಂಕ್ಲೇರ್ ತಮ್ಮ ಕಂಪ್ಯೂಟರ್ ವ್ಯಾಪಾರವನ್ನೂ ಹೆಸರನ್ನೂ 50 ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್‌ಗೆ ಮಾರಿದರು.

ಈ ಏರಿಳಿತಕ್ಕೆ ಕಾರಣ ಹುಡುಕುವವರು ವ್ಯಕ್ತಿಗಳ ಸ್ವಭಾವದ ಬಗ್ಗೆ ಬಹಳ ಬರೆದಿದ್ದಾರೆ. ನಾವು ನೋಡಬೇಕೆಂದುಕೊಂಡದ್ದು ಪೆಟ್ಟಿಗೆಯ ಒಳಗನ್ನು. ಯಾವ ಬಿಡಿಭಾಗಕ್ಕೆ ಕಾಸು ಉಳಿಸಿದರು, ಯಾವುದಕ್ಕೆ ಸುರಿದರು, ನಲವತ್ತು ವರ್ಷದ ಮೇಲೆ ಅದೇ ಭಾಗ ಹೇಗೆ ವರ್ತಿಸುತ್ತಿದೆ ಎಂಬುದನ್ನು.

ಸಂಜೆ ಮಳೆ ಜೋರಾಯಿತು. ಟ್ರಂಪಿಂಗ್ಟನ್ ಸ್ಟ್ರೀಟ್‌ನ ಫಿಟ್ಸ್‌ಬಿಲ್ಲೀಸ್ ಬೇಕರಿಯಲ್ಲಿ ಚೆಲ್ಸಿ ಬನ್ ತಿಂದೆವು. ಜೋನಿ ಬೆಲ್ಲದ ಹಾಗೆ ಬೆರಳಿಗೆ ಅಂಟುವ ಪಾಕ, ಒಳಗೆ ದ್ರಾಕ್ಷಿ. ಒಂದನ್ನು ಇಬ್ಬರು ಹಂಚಿಕೊಂಡರೆ ಸಾಕು.

ಎರಡನೇ ದಿನ, ಶನಿವಾರ: ಬ್ಲೆಚ್‌ಲಿ

ಕೇಂಬ್ರಿಡ್ಜ್‌ನಿಂದ ಬ್ಲೆಚ್‌ಲಿಗೆ ನೇರ ರೈಲಿಲ್ಲ. ಬೆಡ್‌ಫರ್ಡ್‌ವರೆಗೆ ಬಸ್ಸು, ಅಲ್ಲಿಂದ ಗಂಟೆಗೊಂದರಂತೆ ಓಡುವ ಪುಟ್ಟ ರೈಲು. ಭಾನುವಾರ ಆ ರೈಲು ಇರುವುದಿಲ್ಲ, ಆದ್ದರಿಂದ ಶನಿವಾರವನ್ನೇ ಆರಿಸಿಕೊಂಡಿದ್ದೆವು. ಬೆಡ್‌ಫರ್ಡ್ ನಿಲ್ದಾಣದಲ್ಲಿ ಅದು ಹೊರಡುವುದು 1ಎ ಎಂಬ ಮೂಲೆಯ ಪ್ಲಾಟ್‌ಫಾರಂನಿಂದ. ನಾವು 1ರಲ್ಲಿ ಕಾದೆವು, ರೈಲು 1ಎಯಿಂದ ಹೊರಟುಹೋಯಿತು. ಸಿಕ್ಕ ಒಂದು ಗಂಟೆಯಲ್ಲಿ ಚಹಾ, ಕಾಯಿಸಿದ ಚೀಸ್ ಬ್ರೆಡ್ಡು ಆಯಿತು. ನಂತರದ ರೈಲು ಮಾತ್ರ ಸೊಗಸು. ಇಟ್ಟಿಗೆ ಗೂಡುಗಳಿದ್ದ ಸ್ಟುವರ್ಟ್‌ಬಿ, ಮರದ ಚೌಕಟ್ಟಿನ ಗುಡಿಸಲಿನಂಥ ನಿಲ್ದಾಣಗಳು, ಒದ್ದೆ ಹೊಲಗಳು.

ಬ್ಲೆಚ್‌ಲಿ ಪಾರ್ಕ್‌ನ ಅಂಗಳದಲ್ಲೇ, ಎಚ್ ಬ್ಲಾಕ್‌ನಲ್ಲಿ ರಾಷ್ಟ್ರೀಯ ಕಂಪ್ಯೂಟಿಂಗ್ ಮ್ಯೂಸಿಯಂ ಇದೆ. ಎರಡೂ ಬೇರೆ ಬೇರೆ ಸಂಸ್ಥೆಗಳು, ಟಿಕೆಟ್ಟೂ ಬೇರೆ. ಯುದ್ಧಕಾಲದ ಸಂಕೇತ ಭೇದನ ನೋಡಿ ಮುಗಿಸುವಷ್ಟರಲ್ಲಿ ಕಾಲು ಸೋತು ಇಲ್ಲಿಗೆ ಬಾರದೆ ಹೋಗುವವರೇ ಹೆಚ್ಚು. ನಾವು ಮೊದಲು ಇಲ್ಲಿಗೇ ಬಂದೆವು. 1951ರ ಹಾರ್ವೆಲ್ ಡೆಕಟ್ರಾನ್ ಯಂತ್ರ 2.5 ಟನ್ ತೂಗುತ್ತದೆ. 2012ರಿಂದ ಮತ್ತೆ ಓಡುತ್ತಿದೆ. 828 ಡೆಕಟ್ರಾನ್ ನಳಿಕೆಗಳಲ್ಲಿ ಕಿತ್ತಳೆ ಚುಕ್ಕಿ ಸುತ್ತುವುದನ್ನು ನೋಡುತ್ತ ನಿಂತರೆ ಲೆಕ್ಕ ಮಾಡುವುದೆಂದರೇನು ಎಂದು ಕಣ್ಣಿಗೇ ತಿಳಿಯುತ್ತದೆ.

ನಮಗೆ ಬೇಕಾಗಿದ್ದದ್ದು ಏಕಾರ್ನ್ ಮಾಡಿದ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿರುವ ತರಗತಿ ಕೋಣೆ. 1981ರಲ್ಲಿ ಬಿಬಿಸಿ ಕಂಪ್ಯೂಟರ್ ಸಾಕ್ಷರತೆಯ ಕಾರ್ಯಕ್ರಮಕ್ಕೆ ತಕ್ಕ ಯಂತ್ರ ಹುಡುಕುತ್ತಿತ್ತು. ಮೊದಲು ಮನಸ್ಸಿಟ್ಟಿದ್ದು ನ್ಯೂಬ್ರೈನ್ ಎಂಬ ಯಂತ್ರದ ಮೇಲೆ. ಅದರ ಬೇರೂ ಸಿಂಕ್ಲೇರ್ ಅವರ ಹಳೆ ಕಂಪನಿಯಲ್ಲೇ ಇತ್ತು. ಅದು ಕೈಗೂಡದೆ ಬೇರೆ ಕಂಪನಿಗಳಿಗೆ ಬಾಗಿಲು ತೆರೆದಾಗ ಏಕಾರ್ನ್‌ಗೆ ಸಿಕ್ಕಿದ್ದು ಒಂದೇ ವಾರ. ಅಲ್ಲಿಯ ಎಂಜಿನಿಯರುಗಳಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮಾದರಿ ಯಂತ್ರ ಕಟ್ಟಿದರು. ಬಿಬಿಸಿಯವರು ಬರುವ ಬೆಳಗ್ಗೆಯಷ್ಟೇ ಅದಕ್ಕೆ ಜೀವ ಬಂತು.

ಹೊರಬಂದದ್ದು ಗಟ್ಟಿ ಯಂತ್ರ. 6502 ಪ್ರೊಸೆಸರ್ 2 ಮೆಗಾಹರ್ಟ್ಸ್ ವೇಗದಲ್ಲಿ, ಬಿ ಮಾದರಿಯಲ್ಲಿ 32 ಕೆಬಿ ಮೆಮೊರಿ, ನಿಜವಾದ ಕೀಬೋರ್ಡು, ಕೆಳಭಾಗದಲ್ಲಿ ಪ್ರಿಂಟರ್, ಡಿಸ್ಕ್, ಎರಡನೇ ಪ್ರೊಸೆಸರ್‌ಗೆ ಸಾಲು ಸಾಲು ಸಾಕೆಟ್ಟುಗಳು. ಬಣ್ಣದ ಚಿತ್ರಕ್ಕೆ ಪರದೆಯ ಎರಡನೇ ಮೋಡ್ ಹಾಕಿದರೆ ಪರದೆಯೊಂದೇ 20 ಕೆಬಿ ನುಂಗುತ್ತದೆ, ಪ್ರೋಗ್ರಾಂಗೆ ಉಳಿಯುವುದು ಚೂರೇ. ಏಳನೇ ಮೋಡ್‌ನಲ್ಲಿ ಅಕ್ಷರಗಳನ್ನು ತಾನೇ ಮೂಡಿಸುವ ಟೆಲಿಟೆಕ್ಸ್ಟ್ ಚಿಪ್ ಕೆಲಸ ಮಾಡುವುದರಿಂದ 1 ಕೆಬಿ ಸಾಕು. ಶಾಲೆಯ ಪ್ರೋಗ್ರಾಂಗಳೆಲ್ಲ ಏಳನೇ ಮೋಡ್‌ನ ದಪ್ಪ ಅಕ್ಷರಗಳಲ್ಲೇ ಇದ್ದದ್ದು ಇದೇ ಕಾರಣಕ್ಕೆ. ಬಿ ಮಾದರಿಯ ಬೆಲೆ ಬೇಗನೆ 399 ಪೌಂಡಿಗೆ ಏರಿತು. ಅರ್ಧ ಬೆಲೆಯನ್ನು ಸರ್ಕಾರ ಭರಿಸಿದ್ದರಿಂದ ಶಾಲೆಗಳು ಕೊಂಡವು. ಮನೆಗಳಿಗೆ ಎಟುಕಲಿಲ್ಲ.

ನಮ್ಮ ದೇಶಕ್ಕೂ ಇದೇ ಯಂತ್ರ ಬಂತು. 1984ರಲ್ಲಿ ಕ್ಲಾಸ್ ಎಂಬ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಹಂಚಿದರು, ಮುಂದೆ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನಲ್ಲಿ ಇಲ್ಲೇ ಜೋಡಿಸಿದರು. ಸಿಂಕ್ಲೇರ್ ಅವರ ಮನೆ ಕಂಪ್ಯೂಟರ್ ಸ್ಪೆಕ್ಟ್ರಂ ಕೂಡ ಡೆಸಿಬೆಲ್ಸ್ ಕಂಪನಿಯ ಮೂಲಕ ಡಿಬಿ ಸ್ಪೆಕ್ಟ್ರಂ ಎಂಬ ಹೆಸರಲ್ಲಿ ನಮ್ಮಲ್ಲಿ ಮಾರಾಟವಾಯಿತು. ಶಾಲೆಗೆ ಒಂದು, ಮನೆಗೆ ಒಂದು ಎಂಬ ಪಾಲು ಇಲ್ಲಿಗೂ ಹಾಗೇ ದಾಟಿ ಬಂತು.

ಅಲ್ಲಿದ್ದ ಹಿರಿಯ ಸ್ವಯಂಸೇವಕರೊಬ್ಬರು ಪವರ್ ಸಪ್ಲೈ ವಿಷಯ ಬಂದ ಕೂಡಲೇ ಕುರ್ಚಿ ಎಳೆದುಕೊಂಡು ಕೂತರು. ಅಟ್ಟದಿಂದ ಇಳಿಸಿದ ಬಿಬಿಸಿ ಮೈಕ್ರೋವನ್ನು ಹಾಗೇ ಪ್ಲಗ್‌ಗೆ ಹಾಕಬಾರದು. ಒಳಗಿನ ಪವರ್ ಸಪ್ಲೈನಲ್ಲಿ ಕರೆಂಟು ಒಳಬರುವ ಜಾಗದಲ್ಲೇ ಎರಡು ಫಿಲ್ಟರ್ ಕೆಪಾಸಿಟರ್‌ಗಳಿವೆ, 0.1 ಮತ್ತು 0.01 ಮೈಕ್ರೋಫ್ಯಾರಡ್‌ನವು. ಕಾಗದದ ಸುರುಳಿಯನ್ನು ಪಾರದರ್ಶಕ ರಾಳದಲ್ಲಿ ಎರಕ ಹೊಯ್ದವು. ವರ್ಷಗಳು ಕಳೆದಂತೆ ರಾಳ ಬಿರುಕು ಬಿಟ್ಟು ಗಾಳಿಯ ತೇವ ಕುಡಿಯುತ್ತದೆ. ಮತ್ತೆ ಕರೆಂಟು ಕೊಟ್ಟರೆ ಮೊದಲಿಗೆ ಯಂತ್ರ ಸರಿಯಾಗಿಯೇ ಓಡುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಟಪ್ ಎಂಬ ಸದ್ದು, ಬಿಳಿ ಹೊಗೆ, ದಿನಗಟ್ಟಲೆ ಹೋಗದ ನಾತ. ಎರಡನ್ನೂ ಕಿತ್ತು ಅದೇ ಮೈಕ್ರೋಫ್ಯಾರಡ್ ಅಳತೆಯ ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್ ಹಾಕಬೇಕು. ಸಾಮಾನ್ಯ ಕೆಪಾಸಿಟರ್ ಮೇನ್ಸ್‌ಗೆ ತಕ್ಕುದಲ್ಲ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಅಳೆದು ನೋಡಿಯೇ ಕೈ ಇಡಬೇಕು.

ಇನ್ನೊಂದು ಸೂಚನೆ ಕಿವಿಯದು. ಸರಿ ಇರುವ ಬಿಬಿಸಿ ಮೈಕ್ರೋ ಹಚ್ಚಿದಾಗ ತಗ್ಗು ಸ್ವರ, ಹಿಂದೆಯೇ ಚುಟುಕಾಗಿ ಒಂದು ಬೀಪ್. ತಗ್ಗು ಸ್ವರ ನಿಲ್ಲದೆ ಎಳೆಯುತ್ತಲೇ ಇದ್ದರೆ ಪ್ರೊಸೆಸರ್ ಎದ್ದಿಲ್ಲ ಎಂದರ್ಥ. ಸೌಂಡ್ ಚಿಪ್ ಕರೆಂಟು ಬಂದೊಡನೆ ತಾನಾಗಿ ಕೂಗುತ್ತದೆ, ಅದನ್ನು ಸುಮ್ಮನಾಗಿಸುವುದು ಆಪರೇಟಿಂಗ್ ಸಿಸ್ಟಂನ ಕೆಲಸ. ಇಂಥದನ್ನು ಕೇಳಲೆಂದೇ ಅಷ್ಟು ದೂರ ಹೋಗಬೇಕು ಎನ್ನಿಸಿತು.

ಮೂರನೇ ದಿನ, ಭಾನುವಾರ: ಸಂತೆ, ಮತ್ತೆ ಕೇಂಬ್ರಿಡ್ಜ್

ಊರಾಚೆಯ ಬಯಲಿನಲ್ಲಿ ಭಾನುವಾರ ಬೆಳಗ್ಗೆ ಹಳೆ ಸಾಮಾನಿನ ಸಂತೆ. ಜನ ಕಾರಿನ ಡಿಕ್ಕಿ ತೆರೆದಿಟ್ಟು ಮನೆಯ ಬೇಡದ ಸಾಮಾನು ಮಾರುತ್ತಾರೆ. ಏಳು ಗಂಟೆಗೇ ಹೋಗಬೇಕು, ಹತ್ತಕ್ಕೆ ಖಾಲಿ. ಹುಲ್ಲು ಒದ್ದೆ, ಬೂಟಿನೊಳಗೂ ನೀರು. ಪಿಂಗಾಣಿ ಬಟ್ಟಲುಗಳ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ 48 ಕೆಬಿಯ ಸ್ಪೆಕ್ಟ್ರಂ ಒಂದು ಸಿಕ್ಕಿತು, 25 ಪೌಂಡಿಗೆ. ರಬ್ಬರ್ ಕೀಲಿಗಳು ಹಾಗೇ ಇವೆ, ಬಣ್ಣದ ಪಟ್ಟೆ ಮಾಸಿಲ್ಲ. ಜೊತೆಗೆ ಜಾಯ್‌ಸ್ಟಿಕ್ ಇಂಟರ್‌ಫೇಸ್, ಯಾವುದೋ ಬೇರೆ ಸಾಧನದ ಅಡಾಪ್ಟರ್. ಮಾರುತ್ತಿದ್ದ ಹೆಂಗಸು ಅದು ತಮ್ಮನದು, ಓಡುವುದಿಲ್ಲ ಎಂದು ಮೊದಲೇ ಹೇಳಿದರು. ಓಡದ್ದೇ ನಮಗೆ ಬೇಕಿತ್ತು.

ಮಧ್ಯಾಹ್ನ ಕೋಲ್ಡ್‌ಹ್ಯಾಮ್ಸ್ ರಸ್ತೆಯ ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ. ರೈಲ್ವೆ ನಿಲ್ದಾಣದಿಂದ ಅರ್ಧ ಗಂಟೆ ನಡಿಗೆ. ಗೋದಾಮುಗಳ ನಡುವೆ ಇರುವುದರಿಂದ ದಾರಿ ತಪ್ಪಿತೇನೋ ಎನಿಸುತ್ತದೆ, ತಪ್ಪಿರುವುದಿಲ್ಲ. ಇಲ್ಲಿ ಯಂತ್ರಗಳನ್ನು ಮುಟ್ಟಿ ಓಡಿಸಬಹುದು. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವೇಳೆ ನೋಡಿಕೊಂಡೇ ಹೋಗಬೇಕು. ಹಾಲ್‌ನಲ್ಲಿ ಗೋಡೆಯಷ್ಟು ದೊಡ್ಡ ಮೆಗಾಪ್ರೊಸೆಸರ್ ಇದೆ. ಒಂದು ಚಿಪ್‌ನೊಳಗೆ ಆಗುವುದನ್ನು ಬಿಡಿ ಟ್ರಾನ್ಸಿಸ್ಟರ್‌ಗಳಲ್ಲಿ, ದೀಪ ಮಿಣುಕಿಸಿ ತೋರಿಸುತ್ತದೆ. ಮಕ್ಕಳಿದ್ದರೆ ಅಲ್ಲಿಂದ ಎಬ್ಬಿಸುವುದು ಕಷ್ಟ.

ಸಿಂಕ್ಲೇರ್ ಯಂತ್ರಗಳನ್ನು ಒಂದರ ಪಕ್ಕ ಒಂದು ನೋಡಿದಾಗ ಕಾಸಿನ ಕಥೆ ನಿಚ್ಚಳ. 1980ರ ಝಡ್‌ಎಕ್ಸ್80ರಲ್ಲಿ 21 ಚಿಪ್‌ಗಳು, ಜೋಡಿಸಿದ್ದಕ್ಕೆ 99.95 ಪೌಂಡ್. ಪರದೆಗೆ ಚಿತ್ರ ಕಳಿಸುವ ಕೆಲಸವೂ ಪ್ರೊಸೆಸರ್‌ನದೇ ಆದ್ದರಿಂದ ಪ್ರೋಗ್ರಾಂ ಓಡುವಾಗ ಪರದೆ ಖಾಲಿ. ಮರುವರ್ಷದ ಝಡ್‌ಎಕ್ಸ್81ರಲ್ಲಿ ಬಹುಪಾಲು ಚಿಪ್‌ಗಳನ್ನು ಫೆರಾಂಟಿ ಕಂಪನಿ ಗಿರಾಕಿಯ ಬೇಡಿಕೆಗೆ ತಕ್ಕಂತೆ ಮಾಡಿಕೊಡುವ ಒಂದೇ ಯುಎಲ್‌ಎ ಚಿಪ್‌ಗೆ ತುಂಬಿದರು. ಉಳಿದದ್ದು ನಾಲ್ಕೇ ಚಿಪ್, ಬೆಲೆ 69.95, ಕಿಟ್ಟಾದರೆ 49.95. ಮೆಮೊರಿ 1 ಕೆಬಿ. ಹಿಂದೆ ಸಿಕ್ಕಿಸುವ 16 ಕೆಬಿ ರ‍್ಯಾಮ್ ಪ್ಯಾಕ್ ಅಂಚಿನ ಸಂಪರ್ಕದ ಮೇಲೆ ಅಲುಗುತ್ತ ನಿಂತಿರುತ್ತದೆ. ಜೋರಾಗಿ ಕೀಲಿ ಒತ್ತಿದರೆ ಸಂಪರ್ಕ ಒಂದು ಕ್ಷಣ ತಪ್ಪಿ, ಗಂಟೆಗಟ್ಟಲೆ ಒತ್ತಿ ಬರೆದ ಪ್ರೋಗ್ರಾಂ ಹೋಯಿತು. ಆಗಿನವರು ಬ್ಲೂ ಟ್ಯಾಕ್ ಮೇಣ ಮೆತ್ತಿ ಕೂರಿಸುತ್ತಿದ್ದರು. ಈಗಲೂ ಅದೇ ಒಳ್ಳೆಯ ಉಪಾಯ, ಜೊತೆಗೆ ಅಂಚಿನ ತಾಮ್ರವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು.

ಯುಎಲ್‌ಎ ಕೈ ಹಿಡಿದರೆ ಹೀಗೆ, ಕೈ ಕೊಟ್ಟರೆ ಹೇಗೆ ಎಂಬುದಕ್ಕೆ ಏಕಾರ್ನ್ ಎಲೆಕ್ಟ್ರಾನ್ ಸಾಕ್ಷಿ. ಸ್ಪೆಕ್ಟ್ರಂಗೆ ಎದುರಾಗಿ 1983ರಲ್ಲಿ 199 ಪೌಂಡಿಗೆ ತಂದ, ಬಿಬಿಸಿ ಮೈಕ್ರೋದ ತಮ್ಮ ಅದು. ಅದರ ಯುಎಲ್‌ಎ ಚಿಪ್ ಸಾಕಷ್ಟು ಸಂಖ್ಯೆಯಲ್ಲಿ ಸರಿಯಾಗಿ ತಯಾರಾಗಲೇ ಇಲ್ಲ. ಆ ಕ್ರಿಸ್ಮಸ್‌ಗೆ ಸುಮಾರು 3 ಲಕ್ಷ ಬೇಡಿಕೆಗೆ ಹತ್ತರಲ್ಲೊಂದು ಪಾಲು ಮಾತ್ರ ಅಂಗಡಿ ಸೇರಿತು. ಮರುವರ್ಷ ಚಿಪ್ ಹೇರಳವಾಗಿ ಬಂದಾಗ ಕೊಳ್ಳುವವರು ಇರಲಿಲ್ಲ. ಬ್ಯಾರನ್ ಆಫ್ ಬೀಫ್‌ನ ಆ ಸಂಜೆಯ ಹಿಂದೆ ಇದೂ ಇತ್ತು.

ಕೇಂಬ್ರಿಡ್ಜ್‌ನಿಂದಲೇ ಇನ್ನೂ ಎಷ್ಟು ಯಂತ್ರಗಳು ಹುಟ್ಟಿ ಹೋದವು! ಸ್ಪೆಕ್ಟ್ರಂನ ಹಾರ್ಡ್‌ವೇರ್ ಮಾಡಿದ ರಿಚರ್ಡ್ ಆಲ್ಟ್‌ವಾಸರ್, ಅದರ ಬೇಸಿಕ್ ಬರೆದ ಸ್ಟೀವ್ ವಿಕರ್ಸ್ ಇಬ್ಬರೂ ಹೊರಬಂದು 1982ರಲ್ಲೇ ಜೂಪಿಟರ್ ಏಸ್ ಮಾಡಿದರು. ಬೇಸಿಕ್ ಬದಲು ಫೋರ್ತ್ ಭಾಷೆ ಇಟ್ಟರು. ವೇಗದಲ್ಲಿ ಬೇಸಿಕ್ ಅದರ ಹತ್ತಿರ ಸುಳಿಯಲಾರದು. ಆದರೆ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಪ್ರೋಗ್ರಾಂಗಳೆಲ್ಲ ಬೇಸಿಕ್‌ನಲ್ಲಿ. ನೋಡಿ ಬರೆದುಕೊಳ್ಳಲು ಏನೂ ಸಿಗದ ಯಂತ್ರವನ್ನು ಹುಡುಗರು ಕೊಳ್ಳಲಿಲ್ಲ. ವೇಲ್ಸ್‌ನ ಡ್ರ್ಯಾಗನ್ 32 ಕೂಡ ಎರಡೇ ವರ್ಷದಲ್ಲಿ ದಿವಾಳಿಯಾಗಿ ಸ್ಪೇನಿನ ಕಂಪನಿಗೆ ಹೋಯಿತು.

ಹೊರಗಿನಿಂದ ಬಂದು ನೆಲೆ ನಿಂತದ್ದು ಅಮೆರಿಕದ ಕಮೊಡೋರ್ 64. ಚಿಪ್ ಮಾಡುವ ಎಂಓಎಸ್ ಕಾರ್ಖಾನೆ ಅವರದೇ. ಬೇರೆಯವರು ಚಿಪ್‌ಗೆ ಕಾದು ಕೂತಿದ್ದಾಗ ಅವರು ಬೆಲೆ ಇಳಿಸುತ್ತಲೇ ಹೋಗಬಲ್ಲವರಾಗಿದ್ದರು. ಆ ಯಂತ್ರ ಮನೆಯಲ್ಲಿರುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ರಾಳ ತುಂಬಿ ಮುಚ್ಚಿದ ಅದರ ಹಳೆ ಪವರ್ ಸಪ್ಲೈ ಮುದಿಯಾದಂತೆ 5 ವೋಲ್ಟಿನ ದಾರಿಯಲ್ಲಿ ಹೆಚ್ಚು ವೋಲ್ಟ್ ಬಿಡತೊಡಗುತ್ತದೆ, ಮೊದಲು ಸಾಯುವುದು ಮೆಮೊರಿ ಚಿಪ್‌ಗಳು. ಯಂತ್ರಕ್ಕೆ ಸಿಕ್ಕಿಸುವ ಮುನ್ನ ಮೀಟರ್ ಇಟ್ಟು ನೋಡಿ, 5.2ಕ್ಕಿಂತ ಮೇಲಿದ್ದರೆ ಬಳಸಲೇಬೇಡಿ.

ನಾಲ್ಕನೇ ದಿನ, ಸೋಮವಾರ: ಚೆರಿ ಹಿಂಟನ್, ಮತ್ತು ಸೋಲ್ಡರಿಂಗ್ ಮೇಜು

ಬೆಳಗ್ಗೆ ಬಸ್ಸಿನಲ್ಲಿ ಚೆರಿ ಹಿಂಟನ್‌ಗೆ ಹೋದೆವು. ಏಕಾರ್ನ್ ದೊಡ್ಡದಾದ ಮೇಲೆ ನೆಲೆಸಿದ್ದ ಫುಲ್‌ಬರ್ನ್ ರಸ್ತೆಯಲ್ಲಿ ಈಗ ಆರ್ಮ್ ಕಂಪನಿಯ ಗಾಜಿನ ಕಟ್ಟಡಗಳು. ಒಳಗೆ ಹೋಗುವಂತಿಲ್ಲ, ರಸ್ತೆಯಿಂದ ನೋಡಿ ಬರಬೇಕು. ವಿಲ್ಸನ್ ಮತ್ತು ಫರ್ಬರ್ ಅಮೆರಿಕದಲ್ಲಿ ಬೆರಳೆಣಿಕೆಯ ಜನ ಪ್ರೊಸೆಸರ್ ಮಾಡುತ್ತಿದ್ದುದನ್ನು ಕಂಡು ಬಂದು, 1983ರ ಅಕ್ಟೋಬರಿನಲ್ಲಿ ಆರ್ಮ್ ಎಂಬ ತಮ್ಮದೇ ಪ್ರೊಸೆಸರ್‌ಗೆ ಕೈ ಹಾಕಿದರು. ಸುಮಾರು 25,000 ಟ್ರಾನ್ಸಿಸ್ಟರ್ ಅಷ್ಟೇ. ಪಿಂಗಾಣಿ ಹೊದಿಕೆ ದುಬಾರಿ, ಪ್ಲಾಸ್ಟಿಕ್ ಅಗ್ಗ. ಪ್ಲಾಸ್ಟಿಕ್ ಕರಗದಿರಲು ಶಾಖ 1 ವಾಟ್ ಮೀರಬಾರದು. ಆ ಮಿತಿ ಮೀರಬಾರದೆಂದು ಪ್ರತಿ ಹಂತದಲ್ಲೂ ಹಿಡಿತದಿಂದ ಮಾಡಿದರು. 1985ರ ಏಪ್ರಿಲ್ 26ರಂದು ಚಿಪ್ ಬಂತು, ಮೊದಲ ದಿನವೇ ಓಡಿತು. ಫರ್ಬರ್ ಕರೆಂಟು ಅಳೆದರೆ ಮೀಟರ್ ಸೊನ್ನೆ ತೋರಿಸಿತು. ವಿದ್ಯುತ್ ದಾರಿ ಜೋಡಣೆಯಾಗಿಯೇ ಇರಲಿಲ್ಲ, ಪಕ್ಕದ ಚಿಪ್‌ಗಳಿಂದ ಸಿಗ್ನಲ್ ತಂತಿಗಳ ಮೂಲಕ ಸೋರಿ ಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಗಾಗಿ ಮಾಡಿದ ಆ ಮಿತವ್ಯಯವೇ ಮುಂದೆ ಫೋನುಗಳಿಗೆ ಬೇಕಾದದ್ದಾಯಿತು. 1990ರಲ್ಲಿ ಏಕಾರ್ನ್, ಆಪಲ್, ವಿಎಲ್‌ಎಸ್‌ಐ ಸೇರಿ ಆರ್ಮ್ ಅನ್ನು ಬೇರೆ ಕಂಪನಿ ಮಾಡಿದರು. ಹನ್ನೆರಡು ಜನ ಸ್ವಾಫಮ್ ಬಲ್ಬೆಕ್ ಹಳ್ಳಿಯ ಕಣಜದ ಕಟ್ಟಡದಲ್ಲಿ ಕೂತು ಶುರು ಮಾಡಿದ ಆ ಕಂಪನಿಯ ವಿನ್ಯಾಸ ಕೇಂದ್ರ ಈಗ ಬೆಂಗಳೂರಿನಲ್ಲೂ ಇದೆ.

ಮಧ್ಯಾಹ್ನದಿಂದ ರಾತ್ರಿಯವರೆಗೆ ಹವ್ಯಾಸಿಗಳ ಕಾರ್ಯಾಗಾರವೊಂದರ ಮೇಜು. ಸ್ಪೆಕ್ಟ್ರಂ ಅಡಿಯ ಐದು ಸ್ಕ್ರೂ ಬಿಚ್ಚಿ, ಮುಚ್ಚಳವನ್ನು ಪೂರ್ತಿ ಎತ್ತದೆ ಸ್ವಲ್ಪವೇ ಮಗ್ಗುಲಾಗಿಸಬೇಕು. ಕೀಬೋರ್ಡ್ ಪೊರೆಯ ಎರಡು ಪಟ್ಟಿಗಳು ಬೋರ್ಡಿಗೆ ಸಿಕ್ಕಿರುತ್ತವೆ. ನೆಟ್ಟಗೆ ಮೇಲಕ್ಕೆ ಎಳೆದರೂ ನಮ್ಮದು ಒಣಗಿದ ಬಾಳೆನಾರಿನಂತೆ ಮುರಿಯಿತು. ಇದು ಎಲ್ಲ ಹಳೆ ಪೊರೆಗಳ ಹಣೆಬರಹ. ಹೊಸದಾಗಿ ಅಚ್ಚು ಮಾಡಿದ ಪೊರೆ ಸಿಗುತ್ತದೆ, ಕೊಂಡೇ ಕೆಲಸಕ್ಕೆ ಕೂರುವುದು ಒಳ್ಳೆಯದು. ನಾವು ಮೊದಲೇ ತಂದಿದ್ದೆವು.

ಸಂತೆಯ ಅಡಾಪ್ಟರನ್ನು ಪಕ್ಕಕ್ಕಿಟ್ಟೆವು. ಸ್ಪೆಕ್ಟ್ರಂಗೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್, ಪಿನ್ನಿನ ನಡುಭಾಗ ನೆಗೆಟಿವ್. ಇಂದಿನ ಅಡಾಪ್ಟರುಗಳಲ್ಲಿ ಬಹುತೇಕ ನಡುಭಾಗ ಪಾಸಿಟಿವ್. ಪಿನ್ ಕೂರುತ್ತದೆ ಎಂದು ಸಿಕ್ಕಿಸಿದರೆ ಯಂತ್ರ ಹೋದಂತೆಯೇ. ಸರಿಯಾದ ಸಪ್ಲೈ ಕೊಟ್ಟಾಗ ಪರದೆ ತುಂಬ ಕಪ್ಪು ಬಿಳುಪು ಪಟ್ಟೆಗಳು. ಇದು ಕೆಳಗಿನ 16 ಕೆಬಿ ಮೆಮೊರಿಯ ಅಳಲು.

ಆ ಎಂಟು ಚಿಪ್‌ಗಳು 4116, ಐಸಿ6ರಿಂದ ಐಸಿ13. ಅವಕ್ಕೆ ಮೂರು ವೋಲ್ಟೇಜ್ ಬೇಕು: 1ನೇ ಕಾಲಿಗೆ ಮೈನಸ್ 5, 8ನೇ ಕಾಲಿಗೆ 12, 9ನೇ ಕಾಲಿಗೆ 5, 16ನೇ ಕಾಲು ಗ್ರೌಂಡ್. ಆಗ ಅಗ್ಗವಾಗಿ ಸಿಗುತ್ತಿದ್ದುದರಿಂದ ಹಾಕಿದರು. 9 ವೋಲ್ಟಿನಿಂದ 12 ಮತ್ತು ಮೈನಸ್ 5 ಹುಟ್ಟಿಸಲು ಸುರುಳಿಯೊಂದರ ಜೊತೆ ಟಿಆರ್4 ಎಂಬ ಟ್ರಾನ್ಸಿಸ್ಟರ್ ದುಡಿಯುತ್ತದೆ. ಮೀಟರ್ ಇಟ್ಟಾಗ ನಮ್ಮದರಲ್ಲಿ ಮೈನಸ್ 5 ಸೊನ್ನೆ, 12 ಇರಬೇಕಾದಲ್ಲಿ 12 ಇಲ್ಲ. ಟಿಆರ್4 ಹೋಗಿದೆ. ಅತಿ ಸಾಮಾನ್ಯ ಕಾರಣ, ಯಂತ್ರ ಓಡುತ್ತಿರುವಾಗಲೇ ಹಿಂದಿನ ಅಂಚಿಗೆ ಇಂಟರ್‌ಫೇಸ್ ಸಿಕ್ಕಿಸುವುದು. ಸ್ವಲ್ಪ ಓರೆಯಾದರೂ ಎರಡು ಕಾಲು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ. ಪೆಟ್ಟಿಗೆಯಲ್ಲಿದ್ದ ಜಾಯ್‌ಸ್ಟಿಕ್ ಇಂಟರ್‌ಫೇಸ್ ಆ ಹಳೆ ಮಧ್ಯಾಹ್ನವನ್ನೆಲ್ಲ ಹೇಳುವಂತಿತ್ತು.

ಮೊದಲು ವೋಲ್ಟೇಜ್, ಆಮೇಲೆ ಮೆಮೊರಿ. ಈ ಕ್ರಮ ತಪ್ಪಬಾರದು. ಮೈನಸ್ 5 ಇಲ್ಲದೆ 12 ಬಂದರೆ 4116 ಸುಟ್ಟುಹೋಗುತ್ತದೆ, ಹೊಸ ಚಿಪ್ ಹಾಕಿದರೂ ಅದೇ ಗತಿ. ಟಿಆರ್4ಕ್ಕೆ ಝಡ್‌ಟಿಎಕ್ಸ್650 ಬೇಕು, 651 ಕೂಡ ಆಗುತ್ತದೆ. ಪಕ್ಕದ ಟಿಆರ್5, ಅಂದರೆ ಝಡ್‌ಟಿಎಕ್ಸ್213 ಅನ್ನೂ ಜೊತೆಗೇ ಬದಲಿಸುವುದು ಜಾಣತನ. ಬದಲಿಸಿದೆವು, ಮೂರೂ ವೋಲ್ಟೇಜ್ ಬಂದವು, ಪರದೆ ಮಾತ್ರ ಇನ್ನೂ ಕಲಸುಮೇಲೋಗರ. ಎಂಟೂ ಚಿಪ್‌ಗಳ ಮೇಲೆ ಬೆರಳಿಟ್ಟು ನೋಡಿದಾಗ ಒಂದು ಸುಡುತ್ತಿತ್ತು. ಅದನ್ನು ಇಡಿಯಾಗಿ ಕೀಳಲು ಹೋಗಬಾರದು, ಬೋರ್ಡಿನ ತಾಮ್ರದ ಗೆರೆಗಳು ತೆಳು, ಎದ್ದು ಬರುತ್ತವೆ. ಚಿಪ್‌ನ ಹದಿನಾರು ಕಾಲುಗಳನ್ನು ಸಣ್ಣ ಕಟರ್‌ನಿಂದ ಕತ್ತರಿಸಿ, ಒಂದೊಂದೇ ಕಾಲನ್ನು 350 ಡಿಗ್ರಿ ಶಾಖದಲ್ಲಿ ಬಿಡಿಸಿ, ತೂತು ಚೊಕ್ಕ ಮಾಡಿ, ಸಾಕೆಟ್ ಕೂರಿಸಿ, ಅದರ ಮೇಲೆ ಹೊಸ ಚಿಪ್.

ಮೇಲಿನ 32 ಕೆಬಿಯ ಚಿಪ್‌ಗಳನ್ನು ನೋಡಿದರೆ ಸಿಂಕ್ಲೇರ್ ಲೆಕ್ಕಾಚಾರಕ್ಕೆ ತಲೆದೂಗಬೇಕು. ಅವು 64 ಕಿಲೋಬಿಟ್‌ನ ಚಿಪ್‌ಗಳು, ಒಂದು ಅರ್ಧದಲ್ಲಿ ದೋಷವಿರುವುದರಿಂದ ಅಗ್ಗಕ್ಕೆ ಬಂದವು. ಚೆನ್ನಾಗಿರುವ ಅರ್ಧ ಯಾವುದೆಂದು ಚಿಪ್ ಮೇಲಿನ ಗುರುತು ಹೇಳುತ್ತದೆ, ಎಂಟಕ್ಕೂ ಅದೇ ಅರ್ಧ ಇರಬೇಕು, ಬೋರ್ಡಿನ ಒಂದು ಜಂಪರ್ ತಂತಿ ಆ ಅರ್ಧವನ್ನು ಆರಿಸುತ್ತದೆ. ಇಂದು ಬದಲಿಸುವವರು ಪೂರ್ತಿ ಸರಿಯಿರುವ 4164 ಹಾಕಿದರಾಯಿತು. 1982ರ ಏಪ್ರಿಲ್ 23ರಂದು 175 ಪೌಂಡಿಗೆ 48 ಕೆಬಿ ಬಣ್ಣದ ಕಂಪ್ಯೂಟರ್ ಕೊಡಲು ಸಾಧ್ಯವಾದದ್ದು ಹೀಗೆ, ಬೇರೆಯವರು ಬಿಸಾಡುವ ಅರ್ಧ ಚಿಪ್‌ನಿಂದ. ಆ ಬೆಲೆಗೆ ಲಕ್ಷಗಟ್ಟಲೆ ಮನೆಗಳು ಬಾಗಿಲು ತೆರೆದವು, ಐವತ್ತು ಲಕ್ಷಕ್ಕೂ ಹೆಚ್ಚು ಸ್ಪೆಕ್ಟ್ರಂ ಮಾರಾಟವಾದವು.

ಕೊನೆಗೆ ಟಿವಿ ಜೋಡಣೆ. ಹಳೆ ದಾರಿ ಆಂಟೆನಾ ಕೇಬಲ್ ಮೂಲಕ 36ನೇ ಚಾನೆಲ್‌ಗೆ. ಈಗಿನ ಅನೇಕ ಟಿವಿಗಳು ಆ ಸಿಗ್ನಲ್ ಹಿಡಿಯುವುದಿಲ್ಲ. ಚಿತ್ರವನ್ನು ಆಂಟೆನಾ ಸಿಗ್ನಲ್ ಮಾಡುವ ಮಾಡ್ಯುಲೇಟರ್ ಡಬ್ಬಿಗೆ ಹೋಗುವ ಎರಡು ತಂತಿಗಳಲ್ಲಿ ಒಂದು 5 ವೋಲ್ಟ್, ಇನ್ನೊಂದು ವಿಡಿಯೊ. ಎರಡನ್ನೂ ಬಿಡಿಸಿ, 5 ವೋಲ್ಟಿನದಕ್ಕೆ ಇನ್ಸುಲೇಷನ್ ಸುತ್ತಿ, ಡಬ್ಬಿಯೊಳಗೆ ಸಾಕೆಟ್ಟಿನ ನಡುಪಿನ್ನಿಗೆ ಬರುವ ರೆಸಿಸ್ಟರ್ ಕಾಲನ್ನು ಬೇರ್ಪಡಿಸಿ, ವಿಡಿಯೊ ತಂತಿಯನ್ನು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ನಡುಪಿನ್ನಿಗೆ ಕೊಟ್ಟರೆ ಸಾಮಾನ್ಯ ಎವಿ ಕೇಬಲ್ ಸಾಕು. ರಾತ್ರಿ ಎಂಟೂವರೆಗೆ ಬೂದು ಬಿಳಿ ಪರದೆಯ ಕೆಳಗೆ 1982ರ ಸಿಂಕ್ಲೇರ್ ರಿಸರ್ಚ್ ಸಾಲು ಮೂಡಿತು. ಮೇಜಿನ ಸುತ್ತ ತಮ್ಮ ತಮ್ಮ ಕೆಲಸದಲ್ಲಿದ್ದವರೆಲ್ಲ ಎದ್ದು ಬಂದು ನೋಡಿದರು.

ಐದನೇ ದಿನ, ಮಂಗಳವಾರ: ಉತ್ತರಕ್ಕೆ

ಪೀಟರ್‌ಬರೋದಲ್ಲಿ ರೈಲು ಬದಲಿಸಿ ದಿನವಿಡೀ ಪ್ರಯಾಣ. ಬಲಗಡೆಯ ಕಿಟಕಿ ಹಿಡಿಯಿರಿ. ನ್ಯೂಕ್ಯಾಸಲ್ ದಾಟಿದ ಮೇಲೆ ಸಮುದ್ರ ಅಲ್ಲೇ. ಫೋರ್ತ್ ಸೇತುವೆ ಮೇಲೆ ಕೆಂಪು ಉಕ್ಕು ಕಿಟಕಿಯಾಚೆ ಸರಸರ ಸರಿಯಿತು. ಸಂಜೆಗತ್ತಲಲ್ಲಿ ಟೇ ನದಿ ದಾಟುವಾಗ ಪಕ್ಕದ ನೀರಿನಲ್ಲಿ 1879ರಲ್ಲಿ ಬಿರುಗಾಳಿಗೆ ಕುಸಿದ ಹಳೆ ಸೇತುವೆಯ ಕಂಬದ ಬುಡಗಳು ಇನ್ನೂ ಕಾಣುತ್ತಿದ್ದವು.

ಆರನೇ ದಿನ, ಬುಧವಾರ: ಡಂಡಿ

ಸ್ಕಾಟ್ಲೆಂಡಿನ ಡಂಡಿ ಬಂಗಾಳದ ಸೆಣಬು ನೇಯ್ದು ಬೆಳೆದ ಊರು. ಸೆಣಬು ಕುಗ್ಗಿದ ಮೇಲೆ ಕೆಲಸ ಕೊಟ್ಟವುಗಳಲ್ಲಿ ಟೈಮೆಕ್ಸ್ ಗಡಿಯಾರ ಕಾರ್ಖಾನೆಗಳು ಮುಖ್ಯ. ಝಡ್‌ಎಕ್ಸ್81, ಸ್ಪೆಕ್ಟ್ರಂಗಳನ್ನು ಸಿಂಕ್ಲೇರ್‌ಗೆ ಜೋಡಿಸಿ ಕೊಟ್ಟದ್ದು ಇಲ್ಲಿಯ ಕೈಗಳು, ಅದರಲ್ಲೂ ಹೆಂಗಸರ ಕೈಗಳು. ಕ್ಯಾಂಪರ್‌ಡೌನ್ ಕಡೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ನಮ್ಮ ಚೀಲದಿಂದ ಇಣುಕುತ್ತಿದ್ದ ರಬ್ಬರ್ ಕೀಲಿಗಳನ್ನು ಗುರುತು ಹಿಡಿದರು. ತಾನು ಆ ಲೈನಿನಲ್ಲಿ ಇರಲಿಲ್ಲ, ಅಕ್ಕ ಇದ್ದಳು ಎಂದರು. 1993ರ ಮುಷ್ಕರದಲ್ಲಿ ಗೇಟಿನ ಮುಂದೆ ಆರು ತಿಂಗಳಿಗೂ ಹೆಚ್ಚು ನಿಂತ ಚಳಿಯ ಮಾತು ಬಂದಾಗ ಕಿಟಕಿಯಾಚೆ ನೋಡಿದರು. ಆ ವರ್ಷ ಕಾರ್ಖಾನೆ ಮುಚ್ಚಿತು. ನಾವು ಇಳಿಯುವಾಗ, ಸ್ಕಾಟ್ಲೆಂಡಿಗೆ ಬಂದು ಮ್ಯಾಕರೋನಿ ಪೈ ತಿನ್ನದೆ ಹೋಗಬೇಡಿ ಎಂದರು. ಮಾಂಸ ತಿನ್ನದವರಿಗೆ ನಿಜಕ್ಕೂ ಒಳ್ಳೆಯ ಊಟ. ಗಟ್ಟಿ ಹಿಟ್ಟಿನ ಬಟ್ಟಲಲ್ಲಿ ಚೀಸ್ ಹಾಕಿದ ಮ್ಯಾಕರೋನಿ, ಬಿಸಿಯಿರುವಾಗಲೇ ತಿನ್ನಬೇಕು.

ಪರ್ತ್ ರಸ್ತೆಯ ಸೀಬ್ರೇಸ್ ಪಾರ್ಕಿನ ಬಾಗಿಲಲ್ಲಿ ಈ ಊರಿನ ಕಂಪ್ಯೂಟರ್ ಆಟವೊಂದರ ಪಾತ್ರಗಳಾದ ಕಂಚಿನ ಪುಟ್ಟ ಲೆಮ್ಮಿಂಗ್‌ಗಳು ಕಂಬ ಹತ್ತುತ್ತಿವೆ. ಟೈಮೆಕ್ಸ್‌ನಲ್ಲಿ ಕೆಲಸ ಮಾಡಿ ಹೊರಬಿದ್ದ ಡೇವಿಡ್ ಜೋನ್ಸ್ ಅಲ್ಲಿ ಸಿಕ್ಕ ಪರಿಹಾರದ ಹಣದಲ್ಲಿ ಅಮಿಗಾ ಕಂಪ್ಯೂಟರ್ ಕೊಂಡರು. ಕಿಂಗ್ಸ್‌ವೇ ಹವ್ಯಾಸಿ ಕಂಪ್ಯೂಟರ್ ಕ್ಲಬ್ಬಿನ ಗೆಳೆಯರೊಡನೆ ಡಿಎಂಎ ಡಿಸೈನ್ ಕಟ್ಟಿದರು. ಲೆಮ್ಮಿಂಗ್ಸ್ ಆಟ 1991ರಲ್ಲಿ, ಗ್ರ್ಯಾಂಡ್ ಥೆಫ್ಟ್ ಆಟೊ 1997ರಲ್ಲಿ ಇದೇ ಊರಿಂದ ಬಂದವು. ಅದೇ ವರ್ಷ ಅಬರ್ಟೆ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಆಟಗಳ ಪದವಿಯೂ ಶುರುವಾಯಿತು. ಪಾರ್ಕಿಗೆ ನಾಲ್ಕು ಗಂಟೆಯೊಳಗೆ ಹೋಗಿ, ಅಕ್ಟೋಬರಿನಲ್ಲಿ ಬೆಳಕು ಬೇಗ ಜಾರುತ್ತದೆ.

ರಾತ್ರಿ ಕೋಣೆಯ ಟಿವಿಗೆ ಸ್ಪೆಕ್ಟ್ರಂ ಸಿಕ್ಕಿಸಿದೆವು. ಕ್ಯಾಸೆಟ್ ಪ್ಲೇಯರ್ ಬದಲು ಫೋನು. ಟೇಪಿನ ಧ್ವನಿಯನ್ನು ಎಂಪಿ3 ಮಾಡಬಾರದು, ಅದು ಅಲೆಯ ಅಂಚುಗಳನ್ನು ಸವೆಸುತ್ತದೆ. ವೇವ್ ಕಡತವೇ ಇರಲಿ. ಫೋನಿನ ಈಕ್ವಲೈಸರ್ ಬಂದ್, ವಾಲ್ಯೂಮ್ ಪೂರ್ತಿಗೆ ಹತ್ತಿರ. ಜೆ ಕೀಲಿ ಒತ್ತಿದರೆ ಲೋಡ್ ಪದ ಇಡಿಯಾಗಿ ಬರುತ್ತದೆ, ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ, ಆಮೇಲೆ ಎಂಟರ್. ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಉರುಳಿದವು, ನಡುವೆ ನಿಂತು ಟೇಪ್ ಲೋಡಿಂಗ್ ದೋಷ ಎಂಬ ಸಾಲು ಬಂತು. ಸ್ಟೀರಿಯೊ ಕೇಬಲ್ಲು ಮೋನೊ ಸಾಕೆಟ್ಟಿನಲ್ಲಿ ಒಂದು ಚಾನೆಲ್ ಶಾರ್ಟ್ ಮಾಡುತ್ತಿತ್ತು. ಮೋನೊ ಅಡಾಪ್ಟರ್ ಹಾಕಿ ಮತ್ತೆ ಬಿಟ್ಟೆವು. ಕೆಂಪು ತಿಳಿನೀಲಿ ದಪ್ಪ ಪಟ್ಟೆ ಐದು ಸೆಕೆಂಡು, ಹಿಂದೆಯೇ ನೀಲಿ ಹಳದಿಯ ಸಣ್ಣ ಗೆರೆಗಳು ಚಡಪಡಿಸಿ ಪ್ರೋಗ್ರಾಮಿನ ಹೆಸರು ಮೂಡಿತು. ಮತ್ತೊಂದು ಸುತ್ತು ಕೆಂಪು, ಮತ್ತೊಂದು ಸುತ್ತು ಹಳದಿ. ಪರದೆಯ ಕೆಳಗೆ ಸೊನ್ನೆ, ಪಕ್ಕದಲ್ಲಿ ಓಕೆ.

ಹನ್ನೊಂದು ಗಂಟೆಯವರೆಗೂ ಬಿಡಲಿಲ್ಲ. ಈ ಯಂತ್ರಕ್ಕೆ ಸ್ವಿಚ್ ಇಟ್ಟಿಲ್ಲ. ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಹಿಂದಿನ ಪಿನ್ ಎಳೆದು, ಬಿಸಿ ಆರಲೆಂದು ಸ್ವಲ್ಪ ಹೊತ್ತು ಮೇಜಿನ ಮೇಲೇ ಬಿಟ್ಟು ಪೆಟ್ಟಿಗೆಗೆ ಸೇರಿಸಿದೆವು.